ಸಿವಿಕ್‌ಗೆ ಟರ್ಬೊ ಹಾಕಿದ ಎಂಟು ತಿಂಗಳು

ಗಾಡಿ 2008ರ ಹೋಂಡಾ ಸಿವಿಕ್. 1.8 ಲೀಟರ್, ಮ್ಯಾನುವಲ್ ಗೇರ್. ನನ್ನ ಕೈಗೆ ಬಂದು ಹನ್ನೊಂದು ವರ್ಷ ಆಯಿತು. ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುವುದು ಇದರಲ್ಲೇ. ನಂತೂರಿನ ಟ್ರಾಫಿಕ್ಕು, ಉಡುಪಿಯ ಮದುವೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಎಲ್ಲಕ್ಕೂ ಇದೇ ಗಾಡಿ. ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಹಾಕಬೇಕು ಅಂತ ತೀರ್ಮಾನ ಮಾಡಿದಾಗ ನಾನು ಇಟ್ಟುಕೊಂಡ ಷರತ್ತು ಒಂದೇ. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಬೇಕು, ಜುಲೈ ಮಳೆಯಲ್ಲೂ ಮನೆ ಮುಟ್ಟಿಸಬೇಕು.

ಕಾನೂನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ತಾಳೆ ತಪ್ಪುವ ಹಾಗೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಎರಡೂ ಪುಸ್ತಕದಲ್ಲಿವೆ. ಕಿಟ್‌ಗೆ ದುಡ್ಡು ಕೊಡುವ ಮೊದಲು ಆರ್‌ಟಿಒದಲ್ಲಿ ಬರವಣಿಗೆಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಪತ್ರ ಕೊಡಿ. ಕ್ಲೇಮ್ ಬಂದ ದಿನ ಹೇಳಿದರೆ ಆಗುವುದಿಲ್ಲ. ನಾನು ಕಂಪನಿಯ ಒಂದು ನಟ್ಟನ್ನೂ ಬಿಸಾಡಿಲ್ಲ. ಎಲ್ಲಕ್ಕೂ ಚೀಟಿ ಅಂಟಿಸಿ ಅಟ್ಟದಲ್ಲಿ ಇಟ್ಟಿದ್ದೇನೆ. ಎಂಜಿನ್‌ನ ಮೇಲ್ಭಾಗದ ಹೆಡ್‌ಗೆ, ಸಿಲಿಂಡರ್‌ನ ಬೋರ್‌ಗೆ ಕೈ ಹಾಕಿಲ್ಲ. ಮೂರು ದಿನ ಕೂತರೆ ಗಾಡಿ ಮೊದಲಿನ ಹಾಗೆ ಆಗುತ್ತದೆ.

ಇನ್ನು ಎಂಜಿನ್. ಇದರ ಹೆಸರು ಆರ್18ಎ. 132 ಪಿಎಸ್ ಶಕ್ತಿ, ಅದೂ 6,300 ಆರ್‌ಪಿಎಂಗೆ ಹೋದ ಮೇಲೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಪಾಲು ಕುಗ್ಗುತ್ತದೆ ಅನ್ನುವುದು, 10.5:1. ಟರ್ಬೊ ಜೊತೆಗೇ ಹುಟ್ಟಿದ ಹಳೆಯ ಎಂಜಿನ್‌ಗಳಲ್ಲಿ ಇದು 8.5, 9ರ ಆಸುಪಾಸು ಇರುತ್ತಿತ್ತು. ಇಲ್ಲಿ ಮೊದಲೇ ಗಾಳಿಯನ್ನು ಜಾಸ್ತಿ ಒತ್ತಿ ಇಟ್ಟಿದ್ದಾರೆ. ಅದರ ಮೇಲೆ ಟರ್ಬೊ ಇನ್ನಷ್ಟು ತುಂಬಿದರೆ ಸ್ಪಾರ್ಕ್‌ನ ಬೆಂಕಿ ಹರಡಿ ಮುಟ್ಟುವ ಮೊದಲೇ ಉಳಿದ ಪೆಟ್ರೋಲ್ ತಾನೇ ಹೊತ್ತಿಕೊಳ್ಳುತ್ತದೆ. ನಾಕಿಂಗ್ ಅನ್ನುವುದು ಅದನ್ನೇ. ಪಿಸ್ಟನ್ ಒಡೆಯಲು ಅದು ಸಾಕು. ಹಾಗಾಗಿ ಬೂಸ್ಟ್, ಅಂದರೆ ಟರ್ಬೊ ಸೇರಿಸುವ ಒತ್ತಡ, 0.5 ಬಾರ್ ದಾಟಬಾರದು ಅಂತ ಮೊದಲ ದಿನವೇ ಬರೆದಿಟ್ಟೆ. ಕನೆಕ್ಟಿಂಗ್ ರಾಡೂ ಕಂಪನಿಯದ್ದೇ ಅಲ್ವಾ, ಅದಕ್ಕಿಂತ ಮೇಲೆ ಆಸೆಪಡುವುದು ತಪ್ಪು.

ಈ ಎಂಜಿನ್‌ನಲ್ಲಿ ಇನ್ನೊಂದು ವಿಶೇಷ ಇದೆ. ಬೇರೆ ಗಾಡಿಗಳಲ್ಲಿ ನಾಲ್ಕು ಸಿಲಿಂಡರ್‌ನ ಹೊಗೆ ಹೊರಗಿನ ಮ್ಯಾನಿಫೋಲ್ಡ್‌ನಲ್ಲಿ ಸೇರುತ್ತದೆ. ಇಲ್ಲಿ ಹೆಡ್ ಒಳಗೇ ಸೇರಿ ಒಂದೇ ಬಾಯಿಯಿಂದ ಹೊರಗೆ ಬರುತ್ತದೆ. ಆದ್ದರಿಂದ ದೊಡ್ಡ ಮ್ಯಾನಿಫೋಲ್ಡ್ ಮಾಡಿಸುವ ಖರ್ಚಿಲ್ಲ, ಗಿಡ್ಡದೊಂದು ಪೈಪ್ ಹಾಕಿ ಟರ್ಬೊ ಕೂರಿಸಬಹುದು. ಆದರೆ ಆ ಬಾಯಿ ಎಂಜಿನ್‌ನ ಹಿಂದೆ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಫೈರ್‌ವಾಲ್ ಕಡೆಗಿದೆ. ಟರ್ಬೊ ಅಲ್ಲೇ ತಗ್ಗಿನಲ್ಲಿ ಕೂರುತ್ತದೆ. ಆ ತಗ್ಗು ಮುಂದೆ ನನ್ನ ನಾಲ್ಕು ತಿಂಗಳು ತಿಂದಿತು.

ಫೆಬ್ರವರಿಯಲ್ಲಿ ಕಿಟ್ ಬಂತು. ಟರ್ಬೊ ಗ್ಯಾರೆಟ್ ಜಿಟಿ2554ಆರ್, ಸಣ್ಣದು, ಬಾಲ್ ಬೇರಿಂಗಿನದ್ದು. ದೊಡ್ಡದು ಹಾಕು ಅಂತ ಹೇಳಿದವರು ತುಂಬ ಜನ. ಕೂಳೂರು ಸೇತುವೆ ಹತ್ತಿರ ಎರಡನೇ ಗೇರಿನಲ್ಲಿ ಹರಿದಾಡುವವನಿಗೆ 4,500 ಆರ್‌ಪಿಎಂನಲ್ಲಿ ಎಚ್ಚರವಾಗುವ ಟರ್ಬೊ ಯಾತಕ್ಕೆ? ಇದು 2,600ಕ್ಕೇ ಕೆಲಸ ಶುರು ಮಾಡುತ್ತದೆ.

ಬಿಚ್ಚುವ ಮೊದಲು, ನಾಲ್ಕೂ ಸಿಲಿಂಡರ್ ಒತ್ತಡ ಹಿಡಿಯುತ್ತವೋ ಅಂತ ನೋಡಲು ಕಂಪ್ರೆಷನ್ ಟೆಸ್ಟ್ ಮಾಡಿದೆ. 185, 190, 185, 188 ಪಿಎಸ್‌ಐ. ಇದರಲ್ಲಿ ಒಂದು ಸಿಲಿಂಡರ್ 150 ತೋರಿಸಿದ್ದರೂ ಕಿಟ್ಟನ್ನು ಹಾಗೇ ಮಾರಿಬಿಡುತ್ತಿದ್ದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನಿಮಿಷಕ್ಕೆ 440 ಸಿಸಿಯದ್ದು ಹಾಕಿದೆ, ಟ್ಯಾಂಕಿನೊಳಗೆ ಗಂಟೆಗೆ 255 ಲೀಟರ್ ದೂಡುವ ಪಂಪ್. ಸ್ಪಾರ್ಕ್ ಪ್ಲಗ್ ಒಂದು ಮೆಟ್ಟಿಲು ತಣ್ಣಗಿನದ್ದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು, ಗ್ಯಾಪ್ 0.7 ಮಿಲಿಮೀಟರ್. ಗ್ಯಾಪ್ ಜಾಸ್ತಿ ಇದ್ದರೆ ಒತ್ತಡದಲ್ಲಿ ಕಿಡಿ ಆರಿಹೋಗುತ್ತದೆ. ಎಂಜಿನ್ ನಡೆಸುವ ಕಂಪನಿಯ ಕಂಪ್ಯೂಟರ್ (ಇಸಿಯು) ಹಾಗೇ ಇದೆ, ಪಕ್ಕದಲ್ಲಿ ಅದರ ಸಿಗ್ನಲ್ ತಿದ್ದುವ ಪಿಗ್ಗಿಬ್ಯಾಕ್ ಕೂರಿಸಿದ್ದೇನೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿಲ್ಲ, ಹೊಗೆ ತಪಾಸಣೆಯಲ್ಲಿ ಗಾಡಿ ಪಾಸಾಗಿದೆ.

ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ಮೂರು ವಿಷಯ ಹೇಳಲೇಬೇಕು. ಬೇರೆ ಊರಿನ ಕಿಟ್‌ನ ಪುಸ್ತಕದಲ್ಲಿ ಇವು ಬರುವುದಿಲ್ಲ.

ಮೊದಲನೆಯದು ಬಿಸಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ನೆರಳಲ್ಲೇ 33 ಡಿಗ್ರಿ. ಆ ಗಾಳಿಯನ್ನು 0.5 ಬಾರ್ ಒತ್ತಿದರೆ ಟರ್ಬೊದಿಂದ ಹೊರಗೆ ಬರುವಾಗ ಲೆಕ್ಕದ ಪ್ರಕಾರ ಸುಮಾರು 85 ಡಿಗ್ರಿ ಆಗಿರುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದೆ ಹಾಕಬಹುದು, ಬೂಸ್ಟ್ ಕಡಿಮೆ ತಾನೇ ಅನ್ನುವ ಮಾತು ಚಳಿ ಊರಿನವರದ್ದು. ನನ್ನದರಲ್ಲಿ ಇಂಟರ್‌ಕೂಲರ್ ದಾಟಿದ ಮೇಲೆ ಮೀಟರ್ 48 ತೋರಿಸುತ್ತದೆ.

ಎರಡನೆಯದು ಉಪ್ಪುಗಾಳಿ. ಸೈಲೆನ್ಸರ್ ಪೈಪ್‌ಗೆ ಸುತ್ತುವ ಬಟ್ಟೆಯಂಥ ಹೀಟ್ ರ್‍ಯಾಪ್ ಇದೆಯಲ್ಲ, ಅದನ್ನು ಇಲ್ಲಿ ಸುತ್ತಲೇಬೇಡಿ. ಮಳೆಗಾಲದಲ್ಲಿ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಳಗೊಳಗೇ ಕಬ್ಬಿಣ ತುಕ್ಕು ತಿನ್ನುತ್ತದೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾನು 304 ಸ್ಟೀಲ್ ಪೈಪ್ ಹಾಕಿ, ಒಂದು ಬೆರಳು ಜಾಗ ಬಿಟ್ಟು ತಗಡಿನ ಮರೆ ಕಟ್ಟಿಸಿದೆ. ಸ್ಟಡ್‌ಗಳಿಗೆ ತಾಮ್ರದ ನಟ್, ಆ್ಯಂಟಿ-ಸೀಜ್ ಪೇಸ್ಟ್. ಇಲ್ಲದಿದ್ದರೆ ವರ್ಷ ಕಳೆದು ಬಿಚ್ಚುವಾಗ ಸ್ಟಡ್ ತುಂಡಾಗಿ ಹೆಡ್‌ನಲ್ಲೇ ಉಳಿಯುತ್ತದೆ.

ಮೂರನೆಯದು ನೀರು. ಕಿಟ್‌ನವರು ಏರ್ ಫಿಲ್ಟರನ್ನು ಬಂಪರ್ ಹಿಂದೆ ಕೆಳಗೆ ಇಡಲು ಹೇಳಿದ್ದರು. ತಣ್ಣನೆ ಗಾಳಿ ಸಿಗುತ್ತದೆ, ಸರಿ. ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ಮೊಣಕಾಲುದ್ದ ನೀರು ನಿಂತ ದಿನ ಆ ಫಿಲ್ಟರ್ ನೀರನ್ನೇ ಎಳೆದುಕೊಳ್ಳುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಅಲ್ಲಿಗೆ ಎಂಜಿನ್ ಕತೆ ಮುಗಿಯಿತು. ನಾನು ಫಿಲ್ಟರನ್ನು ಹೆಡ್‌ಲೈಟ್ ಹಿಂದೆ, ಬಾನೆಟ್‌ನ ಮಟ್ಟಕ್ಕೆ ಏರಿಸಿದೆ. ಗಾಳಿ ನಾಲ್ಕು ಡಿಗ್ರಿ ಬಿಸಿಯಾದರೂ ಅಡ್ಡಿಯಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಅಂಗಳದಲ್ಲಿ ಸ್ಟಾರ್ಟ್ ಮಾಡಿದೆವು. ನಾನು, ಭಾವ, ಪಕ್ಕದ ಮನೆಯ ಇಬ್ಬರು ಹುಡುಗರು. ಇಂಜೆಕ್ಟರ್ ವೈರ್ ತೆಗೆದು, ಎಣ್ಣೆ ಟರ್ಬೊ ತನಕ ಮುಟ್ಟುವವರೆಗೆ ಸುಮ್ನೆ ಸೆಲ್ಫ್ ಹೊಡೆದೆ. ಆಮೇಲೆ ವೈರ್ ಹಾಕಿ ಕೀ ತಿರುಗಿಸಿದ ಕೂಡಲೇ ಹಿಡಿಯಿತು. ಸಣ್ಣದೊಂದು ಸಿಳ್ಳೆ, ಪ್ರೆಷರ್ ಕುಕ್ಕರ್ ಕೂಗುವ ಮೊದಲು ಬರುತ್ತದಲ್ಲ, ಆ ಥರ. ಭಾವ ಏನೂ ಹೇಳಲಿಲ್ಲ, ನನ್ನ ಬೆನ್ನಿಗೊಂದು ಗುದ್ದಿದ. ಆ ದಿನದ ಖುಷಿ ಈಗಲೂ ಹಾಗೇ ಇದೆ.

ಎರಡು ವಾರ ಬೂಸ್ಟ್ ಇಲ್ಲದೆ ಮೆಲ್ಲ ಓಡಿಸಿದೆ. ಮೇ ಮೊದಲ ವಾರ ತೊಂದರೆ ಶುರುವಾಯಿತು. ರಸ್ತೆಯಲ್ಲಿ ಓಡುವಾಗ ಏನೂ ಇಲ್ಲ. ಸಿಗ್ನಲ್‌ನಲ್ಲಿ ಮೂರು ನಿಮಿಷ ನಿಂತು ಹೊರಟರೆ ಹಿಂದಿನಿಂದ ನೀಲಿ ಹೊಗೆ. ಹಿಂದಿನ ಸ್ಕೂಟರಿನವರು ಮೂಗು ಮುಚ್ಚಿಕೊಳ್ಳುವಷ್ಟು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಎಣ್ಣೆ ಇಳಿಯುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ವಾಲ್ವ್ ಸೀಲ್ ಹೋಗಿದೆ ಅಂದರು. ಇನ್ನೊಂದರಲ್ಲಿ ಟರ್ಬೊ ಸೀಲ್ ಹೋಗಿದೆ, ಬೇರೆ ತರಿಸಿ ಅಂದರು. ಹೊಸ ಟರ್ಬೊ ಅಂದರೆ ಮತ್ತೊಂದು ಲಕ್ಷದ ಹತ್ತಿರ. ನಾಲ್ಕು ದಿನ ನಿದ್ದೆ ಬರಲಿಲ್ಲ.

ಆಗ ಭಾವನೇ ದಕ್ಕೆಯ ಮೇಸ್ತ್ರಿಯ ಹೆಸರು ಹೇಳಿದ. ಬಂದರಿನಲ್ಲಿ ಟ್ರಾಲ್ ಬೋಟ್‌ಗಳ ಎಂಜಿನ್ ಕೆಲಸ ಮಾಡುವವರು. ಬೋಟ್‌ನ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಟರ್ಬೊ ಬಿಚ್ಚಿ ಕಟ್ಟುವುದು ಅವರಿಗೆ ದಿನನಿತ್ಯದ ಕೆಲಸ. ಆದರೆ ನಾನು ಹೋದದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ವರ್ಷದ ರಿಪೇರಿಯೆಲ್ಲ ಆಗಲೇ. ಲೇತ್‌ನವರು, ವೆಲ್ಡಿಂಗ್‌ನವರು, ಮೇಸ್ತ್ರಿ, ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಮೂರು ಸಲ ಹೋಗಿ ಬಂದ ಮೇಲೆ, ಜೋರು ಮಳೆಯ ಒಂದು ಸಂಜೆ ಅವರು ಗಾಡಿಯ ಅಡಿಗೆ ಟಾರ್ಚ್ ಹಾಕಿದರು.

"ಟರ್ಬೊದ್ದು ಸೀಲ್ ಹೋಗ್ಲಿಲ್ಲ ಮಾರಾಯ. ಎಣ್ಣೆ ಇಳಿಯುವ ದಾರಿ ಸರಿ ಇಲ್ಲ. ಹೊಸ ಟರ್ಬೊ ಹಾಕಿದ್ರೂ ನಾಳೆ ಹೀಗೆಯೇ."

"ಪೈಪ್ ಸರಿಯಾಗಿ ಕೆಳಗೇ ಹೋಗ್ತದಲ್ಲ ಅಣ್ಣ?"

"ಹೋಗ್ತದೆ. ಎಲ್ಲಿಗೆ ಹೋಗ್ತದೆ ಅಂತ ನೋಡಿದ್ದೀಯಾ ನೀನು?"

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಟರ್ಬೊ ಒಳಗಿನ ಸೀಲ್ ಅಂದರೆ ರಬ್ಬರ್ ಸೀಲ್ ಅಲ್ಲ. ಪಿಸ್ಟನ್ ರಿಂಗ್‌ನ ಹಾಗಿನ ತೆಳ್ಳನೆ ಲೋಹದ ಬಳೆ. ನಿಂತ ಎಣ್ಣೆಯನ್ನು ತಡೆಯುವ ತಾಕತ್ತು ಅದಕ್ಕಿಲ್ಲ. ಎಣ್ಣೆ ಬಂದ ಹಾಗೆ ಕೆಳಗೆ ಬಿದ್ದುಹೋಗುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಒಳಗೆ ಹೋಗುವ ಎಣ್ಣೆಗೆ ಪಂಪ್‌ನ ಒತ್ತಡ ಇದೆ, ಅದಕ್ಕೆ ಒಂದು ಮಿಲಿಮೀಟರ್ ತೂತು ಸಾಕು. ಹೊರಗೆ ಬರುವ ಎಣ್ಣೆಗೆ ದೂಡುವವರು ಯಾರೂ ಇಲ್ಲ, ತನ್ನ ಭಾರದಿಂದ ತಾನೇ ಇಳಿಯಬೇಕು. ಅದೂ ನೊರೆಯಾಗಿ ಬರುತ್ತದೆ. ಹಾಗಾಗಿ ಹೋಗುವ ಪೈಪ್ ಪೆನ್ನಿನ ರೀಫಿಲ್‌ನಷ್ಟಿದ್ದರೆ ಬರುವ ಪೈಪ್ ಹೆಬ್ಬೆರಳಿನಷ್ಟು ದಪ್ಪ ಇರಬೇಕು. ಎಲ್ಲೂ ಜೋತುಬೀಳಬಾರದು. ಕೊನೆಗೆ ಚೇಂಬರ್‌ನಲ್ಲಿ, ಅಂದರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿಯಲ್ಲಿ, ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಸೇರಬೇಕು. ನನ್ನದರಲ್ಲಿ ಟರ್ಬೊ ತಗ್ಗಿನಲ್ಲಿ ಇದ್ದದ್ದರಿಂದ, ಪೈಪ್‌ಗೆ ಇಳಿಜಾರು ಸಿಗಲಿ ಅಂತ ಚೇಂಬರ್‌ನ ತೂತನ್ನು ಕೆಳಗೆ ಕೊರೆಸಿದ್ದೆ. ಆ ಜಾಗ ತೋರಿಸಿದ್ದು ನಾನೇ, ವೆಲ್ಡರ್‌ನ ತಪ್ಪಿಲ್ಲ.

ಮಟ್ಟ ಎಲ್ಲಿದೆ ಅಂತ ಮೇಸ್ತ್ರಿ ನನಗೆ ತೋರಿಸಿದ ಕ್ರಮವನ್ನು ಮರೆಯಲು ಸಾಧ್ಯವಿಲ್ಲ. ಗಾರೆಯವರು ಗೋಡೆಯ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಇದೆಯಲ್ಲ, ಅದರದ್ದೊಂದು ತುಂಡು ತಂದರು. ಚೇಂಬರ್‌ನ ಎಣ್ಣೆ ಬಿಡುವ ಬೋಲ್ಟ್‌ನ ಅಳತೆಗೆ, 14 ಎಂಎಂ, ನಡುವೆ ತೂತಿರುವ ಬೋಲ್ಟೊಂದನ್ನು ಲೇತ್‌ನಲ್ಲಿ ಮಾಡಿಸಿದರು. ಹಳೆ ಎಣ್ಣೆ ಪೂರಾ ಖಾಲಿ ಮಾಡಿ, ಆ ಬೋಲ್ಟ್ ತಿರುಗಿಸಿ, ಪೈಪ್ ಸಿಕ್ಕಿಸಿ, ಮೇಲಿನ ತುದಿಯನ್ನು ಬಾನೆಟ್‌ಗೆ ಕಟ್ಟಿದರು. ಆಮೇಲೆ ಮೇಲಿನಿಂದ 3.7 ಲೀಟರ್ ಹೊಸ ಎಣ್ಣೆ. ಫಿಲ್ಟರ್ ಸಮೇತ ಈ ಎಂಜಿನ್‌ಗೆ ಬೇಕಾದದ್ದು ಅಷ್ಟೇ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಒಂದು ಚಾ ಕುಡಿಯುವಷ್ಟು ಹೊತ್ತು ಬಿಟ್ಟರು.

ಜೇನಿನ ಬಣ್ಣದ ಎಣ್ಣೆ ಪೈಪ್‌ನಲ್ಲಿ ಮೆಲ್ಲ ಏರಿ ಒಂದು ಕಡೆ ನಿಂತಿತು. ಪೈಪನ್ನು ಚೇಂಬರ್‌ನ ಬದಿಗೆ ಒತ್ತಿ ಹಿಡಿದು, ಅದೇ ಮಟ್ಟಕ್ಕೆ ಮೇಸ್ತ್ರಿ ಚಾಕ್‌ಪೀಸ್‌ನಲ್ಲಿ ಗೆರೆ ಎಳೆದರು. ಗೆರೆ ನನ್ನ ಫಿಟ್ಟಿಂಗಿನ ಕೆಳತುಟಿಗಿಂತ 12 ಮಿಲಿಮೀಟರ್ ಮೇಲೆ ಹಾದುಹೋಯಿತು. ನನ್ನ ಪೈಪ್‌ನ ಬಾಯಿ ಅರ್ಧಕ್ಕರ್ಧ ಎಣ್ಣೆಯಲ್ಲಿ ಮುಳುಗಿತ್ತು.

"ಓಡುವಾಗ ಮಟ್ಟ ಸ್ವಲ್ಪ ಇಳೀತದೆ. ಆದ್ರೆ ಕ್ರ್ಯಾಂಕ್ ತಿರುಗಿ ಎಣ್ಣೆ ಇಲ್ಲಿಗೇ ಬಡೀತದೆ. ಇಳಿಯುವುದು ಹೇಗೆ ಹೇಳು?" ಅಂದರು.

ನಾನು ಅಷ್ಟೂ ದಿನ ಮೇಲೆ ನೋಡುತ್ತಿದ್ದೆ, ತೊಂದರೆ ಕೆಳಗಿತ್ತು. ನಿಂತಾಗ ಮಾತ್ರ ಹೊಗೆ ಯಾಕೆ ಅನ್ನುವುದೂ ಆಗ ಗೊತ್ತಾಯಿತು. ಐಡಲ್‌ನಲ್ಲಿ ಟರ್ಬೈನ್ ಕಡೆ ಒತ್ತಡ ಕಡಿಮೆ. ಇಳಿಯಲಾಗದ ಎಣ್ಣೆ ಸೀಲ್ ದಾಟಿ ಬಿಸಿ ಸೈಲೆನ್ಸರ್‌ಗೆ ಸೋರುತ್ತದೆ. ಹೊರಟ ಕೂಡಲೇ ಸುಟ್ಟು ಹೊಗೆಯಾಗುತ್ತದೆ.

ಸರಿಮಾಡುವ ಕೆಲಸಕ್ಕೆ ಆಗಸ್ಟ್ ತನಕ ಕಾಯಬೇಕಾಯಿತು. ಬೋಟ್‌ಗಳು ಕಡಲಿಗೆ ಇಳಿದ ಮೇಲೆ ಲೇತ್ ಖಾಲಿಯಾಯಿತು. ಅಷ್ಟು ದಿನ ಟರ್ಬೊ ತೆಗೆದು ಹಳೆ ಪೈಪ್‌ನಲ್ಲೇ ಓಡಿಸಿದೆ. ಅಟ್ಟದಲ್ಲಿ ಇಟ್ಟಿದ್ದ ಸಾಮಾನು ಮೊದಲು ಉಪಯೋಗಕ್ಕೆ ಬಂದದ್ದು ಆಗ.

ಹೆಡ್‌ಗೂ ಟರ್ಬೊಗೂ ನಡುವಿನ ಗಿಡ್ಡ ಪೈಪನ್ನು ಕೊಯ್ದು, ಹೊಸ ಬಾಗು ಕೊಟ್ಟು, ಟರ್ಬೊವನ್ನು 40 ಮಿಲಿಮೀಟರ್ ಮೇಲೆತ್ತಿದೆವು. ಚೇಂಬರ್ ಬಿಚ್ಚಿ, ಹಳೆ ತೂತು ಮುಚ್ಚಿ, 30 ಮಿಲಿಮೀಟರ್ ಮೇಲೆ ಹೊಸ ಫಿಟ್ಟಿಂಗ್ ಕೂರಿಸಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆವು. ಪೈಪ್‌ನ ಒಳಅಳತೆ 16 ಮಿಲಿಮೀಟರ್, ನೇರ ಇಳಿಜಾರು. ಟರ್ಬೊವನ್ನು ಅದರ ಎಣ್ಣೆ ಬಾಯಿ ನೆಟ್ಟಗೆ ಕೆಳಗೆ ನೋಡುವ ಹಾಗೆ ತಿರುಗಿಸಿ ಕೂರಿಸಿದೆವು. 35 ಡಿಗ್ರಿಗಿಂತ ಜಾಸ್ತಿ ವಾಲಬಾರದು. ಎಂಜಿನ್ ಒಳಗಿನ ಗಾಳಿ ಒತ್ತಿದರೂ ಎಣ್ಣೆ ಇಳಿಯುವುದಿಲ್ಲವಾದ್ದರಿಂದ ಆ ಗಾಳಿಯನ್ನು ಹೊರಗೆ ಬಿಡುವ ಬ್ರೀದರ್ ಪೈಪನ್ನೂ ದಪ್ಪ ಮಾಡಿ, ಅದರ ಜೊತೆ ಬರುವ ಎಣ್ಣೆ ಹಿಡಿಯುವ ಡಬ್ಬಿ (ಕ್ಯಾಚ್ ಕ್ಯಾನ್) ಹಾಕಿದೆ.

ಚೇಂಬರ್ ಸೋರುತ್ತದೋ ಅಂತ ನೋಡಲು ಮೇಸ್ತ್ರಿ ವೆಲ್ಡಿಂಗ್‌ನ ಹೊರಮೈಗೆ ಸುಣ್ಣ ಬಳಿದು ಒಣಗಿಸಿದರು. ಒಳಗೆ ಸೀಮೆಎಣ್ಣೆ ಸುರಿದು, ಹೊಲಿಗೆ ಮುಳುಗುವ ಹಾಗೆ ವಾಲಿಸಿ, ರಾತ್ರಿಯಿಡೀ ಬಿಟ್ಟರು. ಕೂದಲೆಳೆ ಬಿರುಕಿದ್ದರೂ ಸೀಮೆಎಣ್ಣೆ ನುಸುಳಿ ಸುಣ್ಣದ ಮೇಲೆ ಕಲೆ ಬೀಳುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಕಡೆ ಸಾಸಿವೆಯಷ್ಟು ಕಲೆ. ಅಲ್ಲಿ ತೇದು ಮತ್ತೆ ವೆಲ್ಡ್ ಮಾಡಿ, ಇನ್ನೊಂದು ರಾತ್ರಿ ಇಟ್ಟರು. ಎರಡನೇ ಬೆಳಿಗ್ಗೆ ಸುಣ್ಣ ಬೆಳ್ಳಗೆ ಇತ್ತು.

ಗಾಡಿ ಕಟ್ಟಿ, ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟು, ಸೈಲೆನ್ಸರ್ ಹಿಂದೆ ಬಿಳಿ ಬಟ್ಟೆ ಹಿಡಿದು ಆ್ಯಕ್ಸಿಲರೇಟರ್ ಒತ್ತಿಸಿದೆ. ಹೊಗೆ ಇಲ್ಲ. ಬಟ್ಟೆಯಲ್ಲಿ ಎಣ್ಣೆಯ ಕಲೆಯೂ ಇಲ್ಲ. ಮೇಸ್ತ್ರಿ ತೆಗೆದುಕೊಂಡ ಮಜೂರಿ 3,500 ರೂಪಾಯಿ. ಎಷ್ಟು ಒತ್ತಾಯ ಮಾಡಿದರೂ ಅದಕ್ಕಿಂತ ಮೇಲೆ ಮುಟ್ಟಲಿಲ್ಲ.

ಸೆಪ್ಟೆಂಬರ್‌ನಲ್ಲಿ, ಗಾಡಿಯ ಶಕ್ತಿ ಅಳೆಯುವ ಡೈನೊ ಯಂತ್ರಕ್ಕೆ ಹತ್ತಿಸಲು ಬೆಂಗಳೂರಿಗೆ ಹೋದೆ. ಚಕ್ರದ ಹತ್ತಿರ 157 ಎಚ್‌ಪಿ ಬಂತು, 0.5 ಬಾರ್‌ನಲ್ಲಿ. ಟ್ಯೂನಿಂಗ್ ಬಗ್ಗೆ ಎರಡೇ ಮಾತು. ಈಗ ಬಂಕ್‌ನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುವುದರಿಂದ ಗಾಳಿ-ಪೆಟ್ರೋಲ್ ಅನುಪಾತ 14.7 ಅನ್ನುವ ಹಳೆ ಲೆಕ್ಕ ಹಿಡಿದು ಕೂರಬೇಡಿ, ಲ್ಯಾಂಬ್ಡಾ ನೋಡಿ. ಯಾವ ಪೆಟ್ರೋಲ್ ಆದರೂ ಸರಿಯಾದ ಮಿಶ್ರಣಕ್ಕೆ ಅದು 1, ಅದಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಜಾಸ್ತಿ. ಪೂರ್ತಿ ಬೂಸ್ಟ್‌ನಲ್ಲಿ ನನ್ನದು 0.80.

ಇನ್ನೊಂದು ಮಾತು, ಘಟ್ಟದ ಕೆಳಗಿನವರಿಗೆ. ಬೆಂಗಳೂರು ಕಡಲಿಗಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಅಲ್ಲಿ 0.91 ಬಾರ್‌ನ ಹತ್ತಿರ. ಮಂಗಳೂರಿನಲ್ಲಿ 1.01. ಬೂಸ್ಟ್‌ಗೆ ಮಿತಿ ಹಾಕುವ ವೇಸ್ಟ್‌ಗೇಟ್‌ನ ಸ್ಪ್ರಿಂಗ್ ಹೊರಗಿನ ಗಾಳಿಯ ಮೇಲೆ 0.5 ಸೇರಿಸುತ್ತದೆ ಅಷ್ಟೇ. ಅಂದರೆ ಅಲ್ಲಿ ಒಟ್ಟು 1.41, ಇಲ್ಲಿ 1.51. ಮೀಟರ್‌ನ ಮುಳ್ಳು ಎರಡೂ ಕಡೆ 0.5 ಅಂತಲೇ ತೋರಿಸಿದರೂ, ಶಿರಾಡಿ ಘಾಟಿ ಇಳಿದು ಬಂದ ಎಂಜಿನ್‌ಗೆ 7% ಗಾಳಿ ಜಾಸ್ತಿ ಹೋಗುತ್ತಿರುತ್ತದೆ. ಅಲ್ಲಿ ಕೊನೆಯ ಅಂಚಿನ ತನಕ ಟ್ಯೂನ್ ಮಾಡಿಸಿದರೆ ಇಲ್ಲಿ ನಾಕಿಂಗ್ ಖಂಡಿತ. ಟ್ಯೂನರ್‌ಗೆ ಇದನ್ನು ಮೊದಲೇ ಹೇಳಿ, ಟ್ಯೂನಿಂಗ್ ಪಟ್ಟಿಯ ಜಾಸ್ತಿ ಒತ್ತಡದ ಸಾಲುಗಳಲ್ಲಿ ಪೆಟ್ರೋಲ್ ಜಾಸ್ತಿ, ಸ್ಪಾರ್ಕ್ ಟೈಮಿಂಗ್ ಎರಡು ಡಿಗ್ರಿ ಹಿಂದೆ ಇಡಿಸಿಕೊಂಡೆ. ಊರಿಗೆ ಬಂದು ಲ್ಯಾಪ್‌ಟಾಪ್ ಸಿಕ್ಕಿಸಿ ಮತ್ತೆ ಲಾಗ್ ನೋಡಿದೆ. ನಾಕ್ ಇಲ್ಲ.

ಈಗ ಗಾಡಿ ಹೇಗಿದೆ ಅಂದರೆ, ಮಣಿಪಾಲದ ಏರು ಹತ್ತುವಾಗ ಗೇರ್ ಇಳಿಸುವ ಕೆಲಸವೇ ಇಲ್ಲ. ಮೂರನೇ ಗೇರಿನಲ್ಲಿ ಕಾಲು ಸ್ವಲ್ಪ ಒತ್ತಿದರೆ ಬೆನ್ನಿಗೆ ಯಾರೋ ಕೈಯಿಟ್ಟು ಮೆಲ್ಲ ದೂಡಿದ ಹಾಗೆ ಹೋಗುತ್ತದೆ. ಮೈಲೇಜ್ 13 ಇದ್ದದ್ದು 11ಕ್ಕೆ ಇಳಿದಿದೆ. ಎಣ್ಣೆ 5,000 ಕಿಲೋಮೀಟರಿಗೆ ಬದಲಾಯಿಸುತ್ತೇನೆ. ದೂರ ಓಡಿ ಬಂದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡುವುದು. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಆ ಒಂದು ನಿಮಿಷ ಅವರೂ ಕಾಯುತ್ತಾರೆ.

ಒಟ್ಟು ಖರ್ಚು 3 ಲಕ್ಷದ 40 ಸಾವಿರ. ಅದರಲ್ಲಿ ಎರಡನೇ ಸಲದ ವೆಲ್ಡಿಂಗ್, ಲೇತ್, ಎಣ್ಣೆ ಎಲ್ಲ ಸೇರಿ 19,000. ಮೊದಲೇ ಒಂದು ತುಂಡು ಲೆವೆಲ್ ಪೈಪ್ ಹಿಡಿದು ನೋಡಿದ್ದರೆ ಅಷ್ಟೂ ಉಳಿಯುತ್ತಿತ್ತು. ತೂತಿರುವ ಆ ಬೋಲ್ಟ್ ನನ್ನ ಟೂಲ್ ಬಾಕ್ಸ್‌ನಲ್ಲೇ ಇದೆ. ಯಾರಾದರೂ ಹೋಂಡಾಕ್ಕೆ ಟರ್ಬೊ ಹಾಕುತ್ತಿದ್ದರೆ ಬಂದು ತೆಗೆದುಕೊಂಡು ಹೋಗಬಹುದು, ಕೆಲಸ ಆದ ಮೇಲೆ ವಾಪಸು ಕೊಟ್ಟರೆ ಆಯಿತು.

ಕಳೆದ ವಾರದಿಂದ ನಾಲ್ಕನೇ ಗೇರಿನಲ್ಲಿ ಬೂಸ್ಟ್ ಬಂದ ಕೂಡಲೇ ಆರ್‌ಪಿಎಂ ಮಾತ್ರ ಏರುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಕಂಪನಿಯ ಕ್ಲಚ್ ಸವೆದಿದೆ. ದೀಪಾವಳಿ ರಜೆಯಲ್ಲಿ ಗೇರ್‌ಬಾಕ್ಸ್ ಇಳಿಸುತ್ತೇವೆ, ಭಾವ ಎರಡು ದಿನ ರಜೆ ಹಾಕಿದ್ದಾನೆ.